ಸಂಕೋಲೆ ನಂಟರು

ಮುರಿಗೆಯ್ಯನೆಂಬ ಶಿಷ್ಯ ಗುರುಗಳನ್ನು ಕೇಳಿದ: "ಬುದ್ಧೀ, ನನ್ನ ಮುತ್ತಜ್ಜ ಕರಿನೀರಿನ ಶಿಕ್ಷೆಗೆ ಹೋದವನು. ಬಡವರ ಪರ ನಿಂತು ಸರ್ಕಾರದ ಕೋಪಕ್ಕೆ ಸಿಕ್ಕಿದನೆಂದು ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಮೊನ್ನೆ ಹಳೆಯ ತೀರ್ಪಿನ ಕಾಗದವೊಂದು ಸಿಕ್ಕಿತು. ಹಗೆ ಸಾಧಿಸಲು ನೆರೆಯೂರಿನ ಒಂದು ಮನೆಯವರ ಕಣಕ್ಕೆ ಬೆಂಕಿಯಿಟ್ಟ, ಕಣ ಕಾಯುತ್ತಿದ್ದ ಇಬ್ಬರು ಬೆಂದುಹೋದರು ಎಂದು ಅದರಲ್ಲಿದೆ. ನನ್ನ ಮಗ ಹಿರಿಯರ ವಿಷಯ ಕೇಳುವ ವಯಸ್ಸಿಗೆ ಬಂದಿದ್ದಾನೆ. ಅವನಿಗೆ ಯಾವುದನ್ನು ಹೇಳಲಿ?"

ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಶಿಷ್ಯ, "ಋಷಿಮೂಲ ನದೀಮೂಲ ಹುಡುಕಬಾರದು ಅಂತಾರಲ್ಲ," ಎಂದ.

ಗುರುಗಳು ನಕ್ಕರು. "ಇವನ ಮುತ್ತಜ್ಜ ಋಷಿಯೂ ಅಲ್ಲ, ನದಿಯೂ ಅಲ್ಲ. ಹುಡುಕಲಿ ಬಿಡು," ಎಂದು ಈ ಕತೆ ಹೇಳಿದರು.

ಸಮುದ್ರದ ನಡುವೆ ಒಂದು ದ್ವೀಪ. ಹಿಂದೆ ತಪ್ಪಿತಸ್ಥರನ್ನು ಹಡಗಿನಲ್ಲಿ ತುಂಬಿ ಅಲ್ಲಿಗೆ ಸಾಗಿಸುತ್ತಿದ್ದರು. ಹಡಗಿನ ಹೊಟ್ಟೆಯಲ್ಲಿ ಇಬ್ಬಿಬ್ಬರ ಕಾಲಿಗೆ ಒಂದೊಂದು ಸಂಕೋಲೆ. ಒಬ್ಬ ಕುಳಿತರೆ ಇನ್ನೊಬ್ಬನೂ ಕುಳಿತುಕೊಳ್ಳಬೇಕು, ಒಬ್ಬ ಎದ್ದರೆ ಇನ್ನೊಬ್ಬನೂ ಏಳಬೇಕು. ಮೂರು ವಾರ ಹಾಗೆ ಹೋದವರಲ್ಲಿ ಒಬ್ಬನಿಗೆ ಗೊತ್ತಿಲ್ಲದ್ದು ಇನ್ನೊಬ್ಬನಲ್ಲಿ ಉಳಿಯುವುದುಂಟೇ? ದಡ ಮುಟ್ಟಿದ ಮೇಲೆ ಕಾಲಿನ ಸಂಕೋಲೆ ಕಳಚಿದರು. ವರ್ಷಗಳು ಕಳೆದು ಶಿಕ್ಷೆಯೂ ತೀರಿತು. ಅವರು ಅಲ್ಲೇ ಮದುವೆಯಾದರು, ಅಲ್ಲೇ ಮಕ್ಕಳನ್ನು ಪಡೆದರು, ಅಲ್ಲೇ ಮಣ್ಣಾದರು. ಆದರೆ ಒಂದೇ ಸಂಕೋಲೆಯಲ್ಲಿ ಬಂದ ಇಬ್ಬರ ಮನೆಗಳ ನಡುವಿನ ನಂಟು ಮಾತ್ರ ಕಳಚಲಿಲ್ಲ. ಅಂಥವರನ್ನು ಸಂಕೋಲೆ ನಂಟರು ಎಂದು ಕರೆಯುತ್ತಿದ್ದರು.

ಆ ದ್ವೀಪದಲ್ಲೊಂದು ಪದ್ಧತಿ ಬೆಳೆಯಿತು. ಯಾವ ಮನೆಯವರೂ ತಮ್ಮ ಹಿರಿಯನ ಕತೆಯನ್ನು ತಾವು ಹೇಳುವಂತಿಲ್ಲ. ಸಂಕೋಲೆ ನಂಟರು ಹೇಳಬೇಕು, ಮನೆಯವರು ಕೇಳಬೇಕು. ತನ್ನ ಬೆನ್ನು ತನಗೆ ಕಾಣುವುದಿಲ್ಲ, ಬೇರೆಯವರೇ ನೋಡಿ ಹೇಳಬೇಕು ಎಂಬುದು ಅವರ ಮಾತು. ಮಳೆಗಾಲ ಹತ್ತಿರ ಬಂದು, ದೋಣಿಗಳನ್ನೆಲ್ಲ ದಡಕ್ಕೆಳೆದು ಮಗುಚಿ ಹಾಕಿದ ದಿನ ಎಲ್ಲರೂ ದೋಣಿಯ ಚಪ್ಪರದಲ್ಲಿ ಸೇರುತ್ತಿದ್ದರು. ಅದಕ್ಕೆ ಊರು ಹೇಳುವ ದಿನ ಎಂದು ಹೆಸರು. ಒಬ್ಬರಾದ ಮೇಲೊಬ್ಬರು ಎದ್ದು ತಮ್ಮದಲ್ಲದ ಊರನ್ನು ಹೇಳುವರು. ಕೇಳುವವರು ಕಣ್ಣು ಮುಚ್ಚಿಕೊಳ್ಳುವರು. ನದಿಯನ್ನೇ ಕಾಣದ ಮಕ್ಕಳಿಗೆ ಯಾವ ತಿರುವಿನಲ್ಲಿ ಎಮ್ಮೆಗಳು ನೀರಿಗಿಳಿಯುತ್ತವೆ ಎಂಬುದು ಗೊತ್ತಿತ್ತು. ಬಾವಿಗೆ ಎಷ್ಟು ಮೆಟ್ಟಿಲು, ಯಾವ ಮೆಟ್ಟಿಲು ಸಡಿಲ ಎಂಬುದೂ ಗೊತ್ತಿತ್ತು. ನಿದ್ದೆಯಲ್ಲಿ ನಡೆಯುವವರಂತೆ ಆ ಜನ ನೋಡದ ಊರುಗಳ ಬೀದಿಯಲ್ಲಿ ಸಂಜೆಯವರೆಗೂ ಓಡಾಡುತ್ತಿದ್ದರು.

ಅಲ್ಲಿ ದೋಣಿ ಕಟ್ಟುವವನೊಬ್ಬನಿದ್ದ. ಬಲೆ ಹೆಣೆಯುವ ಒಬ್ಬ ಮುದುಕಿಯ ಮನೆಯವರು ಅವನ ಸಂಕೋಲೆ ನಂಟರು.

ದೋಣಿಯವನ ಮನೆಯ ಕತೆಯನ್ನು ಮುದುಕಿ ಹೇಳುತ್ತಿದ್ದಳು. ಕೆಂಪು ಗುಡ್ಡದ ಕೆಳಗೊಂದು ಕೆರೆ. ತೂಬಿನ ಕಲ್ಲಿನ ಮೇಲೆ ಸೊಂಡಿಲು ಮುರಿದ ಆನೆ. ಏರಿಯ ಮೇಲೆ ಮೂರು ಬೇವಿನ ಮರ. ದೋಣಿಯವನ ಹಿರಿಯ ಆ ಕೆರೆಯ ನೀರುಗಂಟಿ; ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಒಂದು ವರ್ಷ ಕೆಳಗಿನ ಕೇರಿಯವರಿಗೆ ನೀರು ಬಿಡಕೂಡದೆಂದು ಊರಗೌಡ ಆಜ್ಞೆ ಮಾಡಿದ. ಕೇರಿಯ ಪೈರು ಒಣಗುವುದನ್ನು ನೋಡಲಾರದೆ ನೀರುಗಂಟಿ ತೂಬು ತೆಗೆದ. ಅದಕ್ಕಾಗಿ ಸಮುದ್ರ ದಾಟಿದ.

ಈ ಕತೆ ಕೇಳುತ್ತಲೇ ದೋಣಿಯವನ ಮನೆಯವರು ತಲೆತಲಾಂತರ ಬೆಳೆದರು. ದ್ವೀಪದಲ್ಲಿ ಸಿಹಿನೀರಿನ ಕೆರೆ ಇದ್ದದ್ದು ಒಂದೇ. ಅದರ ಏರಿಗೆ ಮಳೆಗೆ ಮುಂಚೆ ಮಣ್ಣು ಹೊರುವುದು ತಮ್ಮ ಮನೆಯ ಕೆಲಸವೆಂದು ಅವರು ತಿಳಿದಿದ್ದರು. ಯಾರೂ ಹೇಳಿರಲಿಲ್ಲ, ಯಾರೂ ಕೂಲಿ ಕೊಡುತ್ತಿರಲಿಲ್ಲ. ನಾವು ತೂಬು ತೆಗೆದವನ ಮಕ್ಕಳು, ಅಷ್ಟೇ.

ಮುದುಕಿಯ ಮನೆಯ ಕತೆಯನ್ನು ದೋಣಿಯವನು ಹೇಳಬೇಕಿತ್ತು. ಅವಳ ಹಿರಿಯ ಒಬ್ಬ ವಿಧವೆಯ ಬಾಗಿಲು ಕಾಯಲು ನಿಂತ, ನುಗ್ಗಲು ಬಂದ ಕಳ್ಳನನ್ನು ಕೊಂದ, ಕರಿನೀರಿಗೆ ಬಂದ. ಇದು ಹೇಳುವ ಕತೆ. ಆದರೆ ದೋಣಿಯವನ ಅಪ್ಪ ಸಾಯುವ ಮುಂಚೆ ಮಗನನ್ನು ಹತ್ತಿರ ಕರೆದು ಇನ್ನೊಂದನ್ನು ಹೇಳಿಹೋಗಿದ್ದ. ಕಳ್ಳನಾಗಿ ಬಂದವನೇ ಮುದುಕಿಯ ಹಿರಿಯ. ಬಾಗಿಲಲ್ಲಿ ನಿಂತು ಸತ್ತವನು ಆ ವಿಧವೆಯ ತಮ್ಮ. "ಇದನ್ನು ಹೇಳಬೇಡ, ಇಟ್ಟುಕೊಂಡಿರು," ಎಂದಿದ್ದ ಅಪ್ಪ.

ಗಂಡಸರು ಮೀನಿಗೆ ಹೋದ ದಿನಗಳಲ್ಲಿ ಮುದುಕಿಯ ಮನೆಯವರು ಒಂಟಿ ಹೆಂಗಸರ ಮನೆಯ ಜಗುಲಿಯಲ್ಲಿ ಮಲಗಿ ಕಾವಲಿರುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ದೋಣಿಯವನು ಒಂದು ಗಳಿಗೆ ನಿಂತುಬಿಡುತ್ತಿದ್ದ. ಪಾಪ, ಇವರಿಗೆ ಗೊತ್ತಿಲ್ಲ ಎಂದುಕೊಳ್ಳುತ್ತಿದ್ದ. ಒಂದು ಮೀನು ಹೆಚ್ಚಿಗೆ ಕೊಟ್ಟು ಬರುತ್ತಿದ್ದ.

ಇಷ್ಟು ತಿಳಿದವನಿಗೆ ತನ್ನ ಮನೆಯ ಕತೆಯ ಹಿಂದೆಯೂ ಇನ್ನೊಂದು ಕತೆ ಇರಬಹುದೆಂದು ಹೊಳೆಯಬೇಡವೇ? ಹೊಳೆಯಲಿಲ್ಲ. ಎಲ್ಲರ ಮನೆ ದೋಸೆಯೂ ತೂತು ಎಂದು ದಿನಕ್ಕೆ ಹತ್ತು ಸಲ ಹೇಳುವವರೂ ತಮ್ಮ ಮನೆಯ ದೋಸೆಯನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ.

ದೋಣಿಯವನಿಗೆ ಒಬ್ಬಳೇ ಮಗಳು. ಮುಂದೆ ಮನೆಯ ಹೊಣೆ ಅವಳದು. ಅವಳ ಕೈಯಲ್ಲಿ ತಮ್ಮ ಹಿರಿಯನ ಕೆರೆಯ ಒಂದು ಚೊಂಬು ನೀರು ಇಡಬೇಕೆಂದು ಅವನಿಗೆ ಆಸೆ. ಅದಕ್ಕಿಂತ ದೊಡ್ಡದು ಇನ್ನೊಂದು ಆಸೆ. ಆ ಊರಿನವರ ಬಾಯಲ್ಲಿ ತನ್ನ ಹಿರಿಯನ ಹೊಗಳಿಕೆಯನ್ನು ಒಂದು ಸಲ ಕಿವಿಯಾರೆ ಕೇಳಬೇಕು. ಬೇಸಿಗೆಯ ನಡುವಿನಲ್ಲಿ ಹಡಗು ಹತ್ತಿದ.

ಹಡಗು ಇಳಿದು, ಗಾಡಿ ಹತ್ತಿ, ಕೇಳುತ್ತ ಕೇಳುತ್ತ ನಡೆದ. ಒಂದು ಬೆಳಗ್ಗೆ ಮಂಜಿನಲ್ಲಿ ಕೆಂಪು ಗುಡ್ಡ ಕಂಡಿತು. ಅವನು ದಾರಿ ಕೇಳುವುದನ್ನು ಬಿಟ್ಟ. ಕಾಲಿಗೆ ದಾರಿ ಗೊತ್ತಿತ್ತು. ಕೆರೆ ಇತ್ತು. ತೂಬಿನ ಮೇಲೆ ಆನೆ ಇತ್ತು, ಸೊಂಡಿಲು ಮುರಿದದ್ದೇ. ಬೇವು ಎರಡು ಉಳಿದಿದ್ದವು, ಮೂರನೆಯದರ ಬೊಡ್ಡೆ ಇತ್ತು. ಅವನು ಬೊಡ್ಡೆಯ ಮೇಲೆ ಕೈಯಿಟ್ಟು ಅತ್ತ. ಎಚ್ಚರವಾಗಿದ್ದೇನೋ ಕನಸಿನಲ್ಲಿದ್ದೇನೋ ಅವನಿಗೇ ತಿಳಿಯಲಿಲ್ಲ.

ಏರಿಯ ಮೇಲೆ ಜನ ಸಾಲಾಗಿ ಮಣ್ಣಿನ ಬುಟ್ಟಿ ಹೊತ್ತು ನಡೆಯುತ್ತಿದ್ದರು. ಗಂಡಸರು, ಹೆಂಗಸರು, ಮಕ್ಕಳು, ತಲೆಗೊಂದು ಬುಟ್ಟಿ. ಎಲ್ಲರೂ ಏರಿಯ ಒಂದೇ ಜಾಗದಲ್ಲಿ ಮಣ್ಣು ಸುರಿದು ಸುಮ್ಮನೆ ಮರಳುತ್ತಿದ್ದರು. ನೆರಳಿನಲ್ಲಿ ಕುಳಿತಿದ್ದ ಒಬ್ಬ ಮುದುಕನನ್ನು ಇದೇನೆಂದು ಕೇಳಿದ.

"ಕೆಳಗಿನ ಕೇರಿಯೋರಿಗೆ ಹಾಕೋ ಮಣ್ಣಪ್ಪ ಇದು," ಎಂದ ಮುದುಕ. "ನಮ್ಮ ತಾತಂದಿರ ಕಾಲದಾಗೆ ಒಬ್ಬ ನೀರುಗಂಟಿ ಇದ್ದ. ಹಬ್ಬದ ದಿನ ಕೇರಿಯೋರು ಯಾರೋ ಒಂದು ಮಾತು ಅಂದ್ರಂತೆ. ಆ ಸಿಟ್ಟು ಇಟ್ಕೊಂಡು, ಕೆರೆ ತುಂಬಿದಾಗ ಏರಿನೇ ಕಡಿದುಬಿಟ್ಟ. ಕೇರಿಯೋರು ಹನ್ನೊಂದು ಜನ ನೀರಲ್ಲಿ ಕೊಚ್ಕೊಂಡು ಹೋದ್ರು. ಅವನನ್ನ ಕರಿನೀರಿಗೆ ಕಳಿಸಿದ್ರು. ಮಾರನೇ ದಿನ ಒಡೆದ ಏರಿಗೆ ಮೊದಲನೇ ಬುಟ್ಟಿ ಮಣ್ಣು ಹೊತ್ತೋಳು ಅವನ ಹೆಂಡ್ತಿ. ಆವತ್ತಿಂದ ಮಳೆಗೆ ಮುಂಚೆ ತಲೆಗೊಂದು ಬುಟ್ಟಿ ಹಾಕ್ತೀವಿ. ನಿಂದು ಯಾವೂರಪ್ಪ?"

"ಸಮುದ್ರದ ಆಚೆ," ಎಂದ ದೋಣಿಯವನು.

ಮುದುಕ ಅವನನ್ನು ಸ್ವಲ್ಪ ಹೊತ್ತು ನೋಡಿದ. ಪಕ್ಕದಲ್ಲಿದ್ದ ಖಾಲಿ ಬುಟ್ಟಿಯನ್ನು ಅವನ ಕಡೆಗೆ ಸರಿಸಿದ. ದೋಣಿಯವನು ಬುಟ್ಟಿ ತುಂಬಿ ಹೊತ್ತ. ಏರಿಗೆ ಮಣ್ಣು ಹೊತ್ತು ಪಳಗಿದ ತಲೆ ಅದು. ಎಲ್ಲರೂ ಸುರಿದ ಜಾಗದಲ್ಲೇ ಅವನೂ ಸುರಿದ. ಕೆರೆಯ ನೀರನ್ನು ಚೊಂಬಿಗೆ ತುಂಬಿಕೊಳ್ಳಲು ಅವನಿಗೆ ಕೈ ಬರಲಿಲ್ಲ.

ಅವನು ದ್ವೀಪಕ್ಕೆ ಮರಳಿದಾಗ ದೋಣಿಗಳನ್ನು ಮಗುಚಿ ಹಾಕಿದ್ದರು. ಅಂದೇ ಊರು ಹೇಳುವ ದಿನ. ಅವನು ಮನೆಗೂ ಹೋಗದೆ ನೇರ ಮುದುಕಿಯ ಬಳಿ ಬಂದ. ಅವನಿಗೆ ಸಿಟ್ಟು ಬಂದಿತ್ತು, ನಾಚಿಕೆಯೂ ಆಗಿತ್ತು. ಇಷ್ಟು ವರ್ಷ ಚಪ್ಪರದಲ್ಲಿ ಎದೆ ಸೆಟೆಸಿ ಕುಳಿತಿದ್ದು ನೆನಪಾಗಿ ಮೈ ಉರಿಯುತ್ತಿತ್ತು. ಮಗಳಿಗೆ ಯಾವ ಮುಖ ತೋರಿಸಲಿ ಎಂಬುದೇ ಅವನ ಸಂಕಟ.

"ಅಜ್ಜೀ, ನಿನಗೆ ಎಲ್ಲಾ ಗೊತ್ತಿತ್ತು!"

"ಗೊತ್ತಿತ್ತು ಮಗಾ," ಎಂದಳು ಮುದುಕಿ. ಬಲೆಯ ಗಂಟು ಹಾಕುತ್ತಿದ್ದ ಕೈ ನಿಲ್ಲಲಿಲ್ಲ. "ಹಡಗಲ್ಲಿ ನಿಮ್ಮ ಹಿರಿಯ ನಮ್ಮ ಹಿರಿಯನ ಕೈ ಹಿಡ್ಕೊಂಡು ಅತ್ತನಂತೆ. 'ನಾನು ಮಾಡಿದ್ದನ್ನ ನೀನು ಇಟ್ಟುಕೋ. ಮಾಡಬೇಕಾಗಿದ್ದನ್ನ ಮುಂದೆ ನನಗೆ ಹುಟ್ಟೋ ಮಕ್ಕಳಿಗೆ ಹೇಳು' ಅಂದನಂತೆ. ಅದನ್ನೇ ನಮ್ಮತ್ತೆ ನನಗೆ ಕೊಟ್ಟಳು. ನಾನು ಇಟ್ಟುಕೊಂಡೆ."

ಆಗ ದೋಣಿಯವನಿಗೆ ತನ್ನ ಅಪ್ಪನ ಮಾತು ನೆನಪಾಯಿತು. ಇದನ್ನು ಹೇಳಬೇಡ, ಇಟ್ಟುಕೊಂಡಿರು. ಮುದುಕಿಯ ಮುಖ ನೋಡಿದ. ಚಿಕ್ಕಂದಿನಿಂದ ಆ ಮುಖದಲ್ಲಿ ಕಂಡ ಒಂದು ಮೆತ್ತನೆಯ ನೋಟದ ಅರ್ಥ ಅವನಿಗೆ ಅಂದು ತಿಳಿಯಿತು. ಅವನು ಮಣ್ಣಿನ ಬುಟ್ಟಿ ಹೊತ್ತು ಏರಿಗೆ ಹೋಗುವಾಗಲೆಲ್ಲ ಇವಳು ಬಾಗಿಲಿಗೆ ಬಂದು ನಿಂತು, ಪಾಪ, ಇವನಿಗೆ ಗೊತ್ತಿಲ್ಲ ಎಂದುಕೊಳ್ಳುತ್ತಿದ್ದಳು. ಆಮೇಲೆ ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದಳು.

ಮುದುಕಿ ಮೊದಲ ಸಲ ತಲೆಯೆತ್ತಿದಳು. ಕೈ ನಿಂತಿತ್ತು. "ನಮ್ಮನೇದೂ ನಿನ್ನ ಹತ್ತಿರ ಇದೆಯಲ್ಲ. ಏನು ಅಂತ ನಾನು ಕೇಳೋದಿಲ್ಲ. ಒಂದು ಹೇಳು ಸಾಕು. ತುಂಬಾ ಭಾರವಾ?"

ದೋಣಿಯವನು ಅವಳ ಎದುರು ಕುಳಿತ. ಬಲೆಯ ಒಂದು ತುದಿಯನ್ನು ಕೈಗೆ ತೆಗೆದುಕೊಂಡ. "ಅಷ್ಟೇನಿಲ್ಲ ಅಜ್ಜಿ," ಎಂದ.

"ನಿಮ್ಮಪ್ಪ ಕೇಳಿದಾಗ ನಾನೂ ಹಾಗೇ ಅಂದಿದ್ದೆ," ಎಂದು ಮುದುಕಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಮಧ್ಯಾಹ್ನ ಚಪ್ಪರದಲ್ಲಿ ಎಲ್ಲರೂ ಸೇರಿದರು. ಹೊರಗೆ ಮೋಡ ಕವಿದು ಸಮುದ್ರ ಬೂದಿಬಣ್ಣವಾಗಿತ್ತು. ಒಬ್ಬೊಬ್ಬರಾಗಿ ಎದ್ದು ಊರು ಹೇಳಿದರು. ಪ್ರತಿವರ್ಷ ಕಣ್ಣು ಮುಚ್ಚಿ ಕೇಳುತ್ತಿದ್ದ ದೋಣಿಯವನು ಆ ವರ್ಷ ಕಣ್ಣು ತೆರೆದು ಕುಳಿತ. ಹೇಳುವವರ ಮುಖಗಳನ್ನು ನೋಡಿದ. ಎಲ್ಲರ ಮುಖದಲ್ಲೂ ಅದೇ ಮೆತ್ತನೆಯ ನೋಟ. ಕುಂಬಾರ ಗಾಣಿಗನನ್ನು ಹಾಗೆ ನೋಡುತ್ತಿದ್ದ, ಗಾಣಿಗ ಕುಂಬಾರನನ್ನು ಹಾಗೆ ನೋಡುತ್ತಿದ್ದ. ಇಡೀ ದ್ವೀಪ ಒಬ್ಬರದನ್ನೊಬ್ಬರು ಹೊತ್ತು, ಹೊತ್ತಿದ್ದೇವೆಂದು ಹೇಳದೆ, ಬದುಕಿತ್ತು.

ಮುದುಕಿ ಎದ್ದು ಕೆಂಪು ಗುಡ್ಡ, ಆನೆಯ ತೂಬು, ಮೂರು ಬೇವಿನ ಮರ ಎಲ್ಲವನ್ನೂ ಹೇಳಿದಳು. ನೀರುಗಂಟಿ ತೂಬು ತೆಗೆದ. ಕೇರಿಯ ಪೈರು ಹಸಿರಾಯಿತು. ಮಗಳು ಕಣ್ಣು ಮುಚ್ಚಿ ಕೇಳುತ್ತಿದ್ದಳು, ಅವಳ ತುಟಿ ಅರಳಿತ್ತು. ದೋಣಿಯವನು ತಡೆಯಲಿಲ್ಲ. ತನ್ನ ಸರದಿ ಬಂದಾಗ ಎದ್ದು ವಿಧವೆಯ ಬಾಗಿಲ ಕತೆ ಹೇಳಿದ. ಬಾಗಿಲಲ್ಲಿ ನಿಂತವನನ್ನು ಹೇಳುವಾಗ ಅವನು ಕೈಮುಗಿದ. ಹಿಂದೆ ಯಾವ ವರ್ಷವೂ ಹಾಗೆ ಮಾಡಿರಲಿಲ್ಲ. ಯಾರಿಗೆ ಮುಗಿದನೆಂದು ಅವನೊಬ್ಬನಿಗೇ ಗೊತ್ತು.

ಮರುದಿನ ಬೆಳಗ್ಗೆ ಅವನು ಮಗಳನ್ನು ಕರೆದುಕೊಂಡು ದ್ವೀಪದ ಕೆರೆಗೆ ಹೋದ. ಏರಿಗೆ ಆ ವರ್ಷದ ಮಣ್ಣು ಬಿದ್ದಿರಲಿಲ್ಲ. ಪ್ರತಿಸಲ ಸಾಕೆನಿಸುವವರೆಗೆ ಹಾಕುತ್ತಿದ್ದವನು ಈ ಸಲ ಎಣಿಸಿ ಹಾಕಿದ. ಹನ್ನೊಂದನೆಯ ಬುಟ್ಟಿಯನ್ನು ಮಗಳ ತಲೆಗೆ ಎತ್ತಿಕೊಟ್ಟ.

"ಇದೇನಪ್ಪಾ, ಈ ಸಲ ಎಣಿಸ್ತಿದ್ದೀಯ?" ಎಂದಳು ಮಗಳು.

"ಹನ್ನೊಂದು ಜನ ಇದ್ದಾರೆ, ಮಗಳೇ," ಎಂದ.

ಅವಳು ಬುಟ್ಟಿ ಇಳಿಸದೆ ಅಪ್ಪನ ಮುಖ ನೋಡಿದಳು. ಮಳೆಯ ಮೊದಲ ಹನಿಗಳು ಬಿದ್ದವು. ಅವಳು ಏರಿಗೆ ನಡೆದು ಮಣ್ಣು ಸುರಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮುರಿಗೆಯ್ಯ ಕೇಳಿದ: "ಬುದ್ಧೀ, ಅವನ ಹಿರಿಯನ ನಿಜವನ್ನು ಇಟ್ಟುಕೊಳ್ಳಲು ಒಬ್ಬ ಅಜ್ಜಿ ಇದ್ದಳು. ನನ್ನದನ್ನು ನಾನೇ ಇಟ್ಟುಕೊಳ್ಳಬೇಕು. ಈಗಲಾದರೂ ಹೇಳಿ, ಮಗನಿಗೆ ಯಾವ ಕತೆ ಹೇಳಲಿ?"

"ಮುರಿಗೆಯ್ಯಾ, ಆ ಸುಟ್ಟ ಕಣದವರ ಮನೆ ಯಾವುದೆಂದು ನೀನು ಇನ್ನೂ ಹೇಳಲೇ ಇಲ್ಲವಲ್ಲ," ಎಂದರು ಗುರುಗಳು.

ಮುರಿಗೆಯ್ಯ ತೀರ್ಪಿನ ಕಾಗದ ಬಿಚ್ಚಿ, ಆ ಮನೆಯವರ ಹೆಸರನ್ನು ಹುಡುಕತೊಡಗಿದ.