ಬಿಗಿಯಾಗಿ ನೇಯ್ದ ಗೂಡು

ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಯಲ್ಲಿ ಗೀಜಗನ ಹಕ್ಕಿಯೊಂದು ರೆಕ್ಕೆ ಮುರಿದುಕೊಂಡು ಕೂತಿತ್ತು. ಬಳಗವೆಲ್ಲ ಸೇರಿ ಅದು ಕೂತಲ್ಲೇ ಸುತ್ತಲೂ ಗೂಡು ನೇಯ್ದು, ಹೊತ್ತುಹೊತ್ತಿಗೆ ಕಾಳು ತಂದು ಬಾಯಿಗಿಟ್ಟವು.

ನೋವು ತಗ್ಗಿದ ಮೇಲೆ ಅದು ಕೇಳಿತು: "ಅಣ್ಣಾ, ರೆಕ್ಕೆ ಸ್ವಲ್ಪ ಬಡಿದು ನೋಡಲೇ?"

"ಬೇಡ ತಮ್ಮಾ, ಗೂಡು ಹರಿದೀತು. ನಾವಿದ್ದೇವಲ್ಲ," ಎಂದು ಹಿರಿಯ ಗೀಜಗ ಹೆಣಿಗೆಯನ್ನು ಇನ್ನಷ್ಟು ಬಿಗಿ ಮಾಡಿತು. ಪ್ರತಿಸಲವೂ ಇದೇ ಉತ್ತರ ಕೇಳಿ ಕೇಳಿ, ಅದು ಕೇಳುವುದನ್ನೇ ಬಿಟ್ಟಿತು.

ಮೂಳೆ ಕೂಡಿತು. ಬಳಗ ಹೊರಡುವ ಕಾಲ ಬಂತು. "ವಾಸಿಯಾಯಿತಲ್ಲ, ಹಾರು," ಎಂದಿತು ಹಿರಿಯ ಗೀಜಗ. ಬಿಚ್ಚಹೋದರೆ ರೆಕ್ಕೆ ಮಡಚಿದಂತೆಯೇ ಸೆಟೆದುಹೋಗಿತ್ತು.

"ನಿನಗೆ ನಾವೇನು ಕಡಿಮೆ ಮಾಡಿದೆವು?"

"ಏನೂ ಇಲ್ಲ ಅಣ್ಣಾ. ನಾನು ಮಾಡುವುದಕ್ಕೆಂದು ನೀವು ಏನನ್ನೂ ಉಳಿಸಲಿಲ್ಲ."

ಬಳಗ ಹಾರಿಹೋಯಿತು. ಗೂಡಿನ ಬಾಯಿ ಇದ್ದದ್ದು ಕೆಳಮುಖವಾಗಿ. ಅದರಡಿಗೆ ಬಾವಿಯ ನೀರು.