ಗಂಗವ್ವನ ಮಧ್ಯಾಹ್ನದ ನಿದ್ದೆ

ನಿರ್ವಾಣಜ್ಜನವರ ಮಠದ ಹಿಂದೆ ಒಂದು ಪುಟ್ಟ ಕೆರೆ. ಹಳ್ಳಕ್ಕೆ ಅಡ್ಡಲಾಗಿ ಅಜ್ಜ ಪ್ರಾಯದಲ್ಲಿ ತಾವೇ ಮಣ್ಣು ಹೊತ್ತು ಹಾಕಿದ ಒಡ್ಡು, ಅದರ ಹಿಂದೆ ನಿಂತ ನೀರು. ಯಾರ ಹೊಲಕ್ಕೂ ಆ ನೀರು ಹರಿಯುತ್ತಿರಲಿಲ್ಲ. ಅದು ಬರೀ ಈಜುವುದಕ್ಕೆ.

"ನೀರಿಗೆ ಹೆದರಾವ ಧ್ಯಾನಕ್ಕ ಕುಂತು ಏನ್ ಮಾಡ್ತಾನ?" ಎಂದು ಅಜ್ಜ ಬಂದವರನ್ನೆಲ್ಲ ಮೊದಲು ಕೆರೆಗೆ ಇಳಿಸುತ್ತಿದ್ದರು. ಅಷ್ಟು ವಯಸ್ಸಾದರೂ ದಿನಾ ಬೆಳಿಗ್ಗೆ ತಾವೂ ಇಳಿದು, ಎಮ್ಮೆಯ ಹಾಗೆ ಮೂಗಷ್ಟೇ ಮೇಲಿಟ್ಟು ತೇಲುತ್ತಿದ್ದರು.

ಒಡ್ಡಿನ ಕೆಳಗೆ ಗಂಗವ್ವನ ಮನೆ. ನಸುಕಿನಲ್ಲೇ ಎದ್ದು ಎಮ್ಮೆ ಹಿಂಡಿ, ಊರಿಗೆಲ್ಲ ಹಾಲು ಹಾಕಿ ಬಂದು, ಮಧ್ಯಾಹ್ನ ಉಂಡು ಒಂದು ನಿದ್ದೆ ಹೊಡೆಯುವುದು ಅವಳ ರೂಢಿ.

ಶಿಷ್ಯ ಅಡಿವೆಪ್ಪನಿಗೆ ಇದ್ದದ್ದು ಒಂದೇ ಆಸೆ. ಅಜ್ಜ ತನ್ನ ಕಿವಿಯಲ್ಲಿ ಮಂತ್ರ ಹೇಳಬೇಕು. ಅದಾಗದ ಹೊರತು ತಾನು ಶಿಷ್ಯನೇ ಅಲ್ಲ ಎಂದು ಕೊರಗುತ್ತಿದ್ದ.

"ಅಜ್ಜಾರ, ನನಗ ಮಂತ್ರ ಯಾವಾಗ ಕೊಡ್ತೀರಿ?"

"ಮೊದಲ ಒಡ್ಡು ನೋಡ್ಕೋ," ಅಂದರು ಅಜ್ಜ.

ಅಡಿವೆಪ್ಪ ನೋಡಿಕೊಂಡ. ನೋಡಿಕೊಂಡದ್ದೇ ಹೆಚ್ಚಾಯಿತು ಅನ್ನಿ!

ಒಡ್ಡಿನ ಮೇಲೆ ಅರಳಿ ಸಸಿಯೊಂದು ತಾನಾಗಿ ಹುಟ್ಟಿತ್ತು. ಬೇರೆ ಗಿಡವಾಗಿದ್ದರೆ ಕಿತ್ತೆಸೆಯುತ್ತಿದ್ದ. ಅರಳಿಯನ್ನು ಕೀಳುವುದುಂಟೇ? ಶಿವಶಿವಾ! ಸುತ್ತ ಕಲ್ಲು ಜೋಡಿಸಿ ಕಟ್ಟೆ ಮಾಡಿದ. ದಿನಾ ಕೊಡ ನೀರು ಹೊಯ್ದ. ಸಂಜೆ ದೀಪ ಹಚ್ಚಿ, ಬಾಳೆಲೆಯ ಚೂರಿನಲ್ಲಿ ಅನ್ನ ಬೆಲ್ಲ ಎಡೆ ಇಟ್ಟ. ಕಣ್ಣು ಮುಚ್ಚಿ ಅಲ್ಲೇ ಧ್ಯಾನಕ್ಕೆ ಕೂತ.

ಬೆಳಿಗ್ಗೆ ಬಂದು ನೋಡಿದರೆ ಎಡೆ ಇಲ್ಲ. ಎಲೆಯೂ ಇಲ್ಲ. ದಿನವೂ ಹೀಗೇ.

ಒಂದು ದಿನ ತಡೆಯಲಾರದೆ ಓಡಿ ಬಂದ. "ಅಜ್ಜಾರ! ನಾ ಇಟ್ಟ ಎಡಿ ದೇವರು ಉಣ್ಣಾಕತ್ತಾನ್ರೀ! ಒಂದಗಳೂ ಬಿಟ್ಟಿಲ್ಲ!"

"ದೇವರಿಗೆ ಹೊಟ್ಟಿ ಭಾಳ ಹಸದಿರಬೇಕು," ಅಂದರು ಅಜ್ಜ.

ಎದ್ದು ಒಡ್ಡಿನ ತನಕ ನಡೆದರು. ಕಟ್ಟೆಯ ಸುತ್ತ ಒಂದು ಸುತ್ತು ಬಂದರು. ಕೆಳಗೆ ಇಣುಕಿದರು.

"ಅಡಿವೆಪ್ಪ, ಇವತ್ತಿಂದ ಇಲ್ಲಿ ಕುಂದರಬ್ಯಾಡ. ಗಂಗವ್ವನ ಹಿತ್ತಲದಾಗ ಕುಂದರು. ಈಗ ಹೋಗು."

"ಎಮ್ಮಿ ಕಟ್ಟೋ ಜಾಗದಾಗ ಎಂಥಾ ಧ್ಯಾನರೀ?"

"ಕಣ್ಣ ತೆರದು ಮಾಡೋ ಧ್ಯಾನ. ಬರೂವಾಗ ಅಲ್ಲಿ ನೀರು ಕಂಡರ ಒಂದು ತಂಬಿಗಿ ತಗೊಂಬಾ."

ಅಡಿವೆಪ್ಪ ಮುಖ ಊದಿಸಿಕೊಂಡು ತಂಬಿಗೆ ಹಿಡಿದು ಹೋದ.

ಉಂಡು ಮಲಗುವ ಹೊತ್ತು. ಗಂಗವ್ವ ಮಾತ್ರ ಹಿತ್ತಲ ಬಾಗಿಲಲ್ಲಿ ಕೂತಿದ್ದಳು.

"ಯಾಕವ್ವಾ, ಮಲಗಿಲ್ಲೇನು?"

"ಎಲ್ಲೀ ನಿದ್ದಿ ತಮ್ಮಾ? ಹಿತ್ತಲೆಲ್ಲಾ ಹಸಿ ಆಗಾಕತ್ತೈತಿ. ಕಣ್ಣ ಮುಚ್ಚಿದರ ಜೀವ ಝಲ್ ಅಂತೈತಿ. ಮ್ಯಾಲ ನೀ ದಿನಾ ಕುಂತಿರ್ತೀಯಲ್ಲಾ, ನೋಡ್ಕೋತಾನ ಬಿಡು ಅಂತ ಸುಮ್ಮನಿದ್ದೆ."

ಆ ಮಾತು ಅಡಿವೆಪ್ಪನಿಗೆ ಚುರುಕ್ ಅಂತು. ಕತ್ತೆತ್ತಿ ನೋಡಿದ. ಮೇಲೆ ಕೂತಾಗ ಕಾಲಡಿ ಇದ್ದ ಒಡ್ಡು ಇಲ್ಲಿಂದ ಮನೆಯ ಮಾಳಿಗೆಗಿಂತ ಎತ್ತರ. ಅದರ ಆಚೆ ಅಷ್ಟೂ ನೀರು.

ಒಡ್ಡಿನ ಬುಡದ ಹುಲ್ಲು ಸರಿಸಿದ. ಒಂದು ಬಿಲ. ಬಿಲದ ಬಾಯಲ್ಲಿ ಬಾಳೆಲೆಯ ಚೂರುಗಳು. ಅದರ ಕೆಳಗೆ ದಾರದಷ್ಟು ಸಣ್ಣಗೆ ಕೆಂಪು ನೀರು ಹರಿಯುತ್ತಿತ್ತು.

"ಹೆಗ್ಗಣ," ಅಂದಳು ಗಂಗವ್ವ. "ಏನು ತಿಂತೈತೋ ಏನೋ, ಈಗೀಗ ಭಾಳ ಕೊಬ್ಬೈತಿ."

ಅಡಿವೆಪ್ಪ ತಂಬಿಗೆ ತುಂಬಿಕೊಂಡು ಏದುಸಿರು ಬಿಡುತ್ತ ಮೇಲೆ ಬಂದ. ಅಷ್ಟರಲ್ಲಿ ಅಜ್ಜ ಕೆರೆಯ ತೂಬು ಎತ್ತಿಬಿಟ್ಟಿದ್ದರು. ನೀರು ಭೋರೆಂದು ಹಳ್ಳಕ್ಕೆ ಬೀಳುತ್ತಿತ್ತು. ಅಜ್ಜ ತಂಬಿಗೆಯನ್ನು ಅಲುಗದಂತೆ ಕಟ್ಟೆಯ ಮೇಲಿಟ್ಟರು.

ಕೆಂಪು ನೀರು ಮೆಲ್ಲಗೆ ತಿಳಿಯಾಯಿತು.

"ತಳದಾಗ ಏನೈತಿ?"

"ಮಣ್ಣು."

"ಎಲ್ಲೀದು?"

ಅಡಿವೆಪ್ಪ ತಂಬಿಗೆ ನೋಡಿದ, ಒಡ್ಡು ನೋಡಿದ. ಅವನ ಕಣ್ಣು ತುಂಬಿ ಬಂತು. "ಕೈಯಾರೆ ಹೆಗ್ಗಣಕ್ಕ ಉಣ್ಣಾಕಿಟ್ಟು, ದೇವರು ಉಂಡ ಅಂತ ಕುಣದೆ ಅಜ್ಜಾರ. ಗಂಗವ್ವನ ಮನಿ ಕೊಚ್ಚಿಕೊಂಡು ಹೋಗಿದ್ದರ?"

"ಹೋಗಿಲ್ಲಲ್ಲ. ಸಲಿಕಿ ತಗೊಂಬಾ."

"ಅರಳಿ ಕಿತ್ತರ ಪಾಪ ಬರೂದಿಲ್ಲೇನ್ರೀ?"

"ಒಡ್ಡಿನಾಗ ಇದ್ದರ ಇದರ ಬೇರು ನೀರಿಗೆ ದಾರಿ ಮಾಡಿಕೊಡ್ತೈತಿ. ಮಠದ ಅಂಗಳದಾಗ ಇಟ್ಟರ ನಮಗ ನೆರಳ ಕೊಡ್ತೈತಿ. ಪಾಪ ಯಾವುದರಾಗ ಐತಿ, ನೀನ ಹೇಳು."

ಸಸಿಯನ್ನು ಬೇರು ಸಮೇತ ಎತ್ತಿ, ಅಜ್ಜ ಹೆಗಲ ಮೇಲೆ ಹೊತ್ತು ತಾವೇ ಅಂಗಳಕ್ಕೆ ಒಯ್ದರು.

ನೀರು ಇಳಿದ ಮೇಲೆ ಬಿಲವನ್ನು ಕೊನೆಮುಟ್ಟ ಅಗೆದರು. ಜಿಗುಟು ಮಣ್ಣನ್ನು ತೆಳ್ಳಗೆ ಪದರ ಪದರವಾಗಿ ಹಾಕಿ ಗಟ್ಟಿಯಾಗಿ ಬಡಿದರು. ಮೇಲೆ ಕರಿಕೆ ಹುಲ್ಲು ಹಚ್ಚಿದರು. ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿಯಲ್ಲಿ ಬೆಳೆದಿದ್ದ ಮುಳ್ಳುಕಂಟಿಯನ್ನೂ ಸವರಿದರು.

ಆ ಬೇಸಿಗೆ ಈಜು ಬಂದ್. ಅಜ್ಜ ದಿನಾ ಬೆಳಿಗ್ಗೆ ಹೆಗಲಿಗೆ ಪಂಜೆ ಹಾಕಿಕೊಂಡು ಬಂದು, ಬರಿದಾದ ಕೆರೆ ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಪಾಪ! ಅಡಿವೆಪ್ಪ ದಿನವೂ ಒಡ್ಡಿನ ಮೇಲೆ ನಡೆದು, ಆಮೇಲೆ ಕೆಳಗಿಳಿದು ಬುಡದಗುಂಟ ನಡೆದ. ಮಂತ್ರದ ಮಾತು ಮಾತ್ರ ಎತ್ತಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಿಯಾನು?

ಮಳೆ ಬಂತು. ಕೆರೆ ತುಂಬಿ ಕೋಡಿ ಬಿತ್ತು. ಮಳೆ ನಿಂತು ನೆಲ ಆರಿದ ಒಂದು ಮಧ್ಯಾಹ್ನ ಅಡಿವೆಪ್ಪ ಒಡ್ಡಿನ ಬುಡವನ್ನೆಲ್ಲ ಬರಿಗಾಲಲ್ಲಿ ತುಳಿದು ನೋಡಿದ. ಎಲ್ಲೂ ಹಸಿ ಇರಲಿಲ್ಲ. ಅವನ ಎದೆ ಹಗುರಾಯಿತು.

ಮೇಲೆ ಬಂದರೆ ಅಜ್ಜ ತಡೆಯಲಾರದೆ ಹೊತ್ತಲ್ಲದ ಹೊತ್ತಿನಲ್ಲೂ ನೀರಿಗಿಳಿದಿದ್ದರು. ಮೂಗಷ್ಟೇ ಮೇಲೆ ಕಾಣುತ್ತಿತ್ತು. ಅಡಿವೆಪ್ಪನಿಗೆ ನಗು ಬಂತು, ಧೈರ್ಯವೂ ಬಂತು.

"ಅಜ್ಜಾರ... ನನ್ನ ಮಂತ್ರ?"

ಅಜ್ಜ ಮೈಯೆಲ್ಲ ನೀರು ಸುರಿಸುತ್ತ ದಡಕ್ಕೆ ಬಂದರು. "ಬಾ, ಕಿವಿ ಕೊಡು."

ಅಡಿವೆಪ್ಪ ಕೈಮುಗಿದು ಬಾಗಿದ. ಅಜ್ಜ ಒದ್ದೆ ಕೈಯಲ್ಲಿ ಅವನ ಕಿವಿ ಹಿಡಿದು, ತಮ್ಮ ಕಡೆಗಲ್ಲ, ಒಡ್ಡಿನ ಕೆಳಗಿನ ಮನೆಯ ಕಡೆಗೆ ತಿರುಗಿಸಿದರು.

"ಏನ ಕೇಳಸ್ತೈತಿ?"

"ಗಂಗವ್ವ ಗೊರಕಿ ಹೊಡಿಯಾಕತ್ತಾಳ್ರೀ."

"ಹೂಂ. ಇದ ನಿನ್ನ ಮಂತ್ರ. ತಪ್ಪದಂಗ ನೋಡ್ಕೋ."