ಬೀಗರು ಕೊಟ್ಟ ಐದು ಸ್ಟಾರು

ದಾವಣಗೆರೆಯ ಮರುಳಪ್ಪ ಸಾವ್ಕಾರ್ರು ಆನ್‌ಲೈನಿನಲ್ಲಿ ಮಿಕ್ಸಿ ಮಾರುತ್ತಿದ್ದರು. ಎಂಥ ಮಿಕ್ಸಿ ಅಂತೀರಿ? ಕಾಯಿ ಹಾಕಿದರೆ ಕಾಯಿ ಹಾಗೇ ಇರುತ್ತಿತ್ತು, ಮಿಕ್ಸಿಯೇ ಅಡುಗೆಕಟ್ಟೆ ತುಂಬ ಓಡಾಡುತ್ತಿತ್ತು. ಕೊಂಡವರೆಲ್ಲ ಒಂದೇ ಸ್ಟಾರ್ ಕೊಟ್ಟು ಬೈದರು.

ಸಾವ್ಕಾರ್ರು ಪ್ಯಾಕಿಂಗ್ ಮಾಡುವ ಹೆಂಗಸನ್ನು ಕರೆದು ಗುಡುಗಿದರು. "ಸಂಜೆಯೊಳಗೆ ನೂರು ಜನ ಐದೈದು ಸ್ಟಾರ್ ಕೊಟ್ಟು ಹೊಗಳಿರಬೇಕು. ಹೆಸರು ಮರ್ಯಾದಸ್ಥರದ್ದೇ ಇರಲಿ. ಆಗಲಿಲ್ಲ ಅಂದ್ರೆ ನಾಳೆಯಿಂದ ಬರಬೇಡ!"

ನೂರು ಮರ್ಯಾದಸ್ಥರನ್ನು ಅವಳು ಎಲ್ಲಿಂದ ತರಬೇಕು? ಗೋಡೆಗೆ ಸಿಕ್ಕಿಸಿದ್ದ ಸಾವ್ಕಾರ್ರ ಮಗಳ ಲಗ್ನಪತ್ರಿಕೆ ಕಣ್ಣಿಗೆ ಬಿತ್ತು. ಸುಖಾಗಮನ ಬಯಸುವವರು, ಎರಡೂ ಕಡೆಯವರು ಸೇರಿ, ನೂರಾ ನಾಲ್ಕು ಜನ. ಊರಿನ ಹೆಸರಿನ ಸಮೇತ.

ಸಂಜೆಗೆ ಸ್ಟಾರುಗಳು ಫಳಫಳ ಹೊಳೆದವು. ಸಾವ್ಕಾರ್ರು ಸ್ಟಾರ್ ಎಣಿಸಿದರು, ಹೆಸರು ಓದಲಿಲ್ಲ. ಮೀಸೆ ತಿರುವಿದರು.

ಮೂರನೇ ದಿನ ಬೀಗರು, ಅಂದರೆ ಅಳಿಯನ ತಂದೆ, ಒಂದು ಬಸ್ ನೆಂಟರ ಜೊತೆ ಬಂದಿಳಿದರು.

"ನಿಮ್ಮ ಮಿಕ್ಸೀಲಿ ರುಬ್ಬಿದ ಚಟ್ನಿ ತಿಂದು ನನ್ನ ಮಂಡಿನೋವು ಹೋಯ್ತಂತೆ. ನಾನೇ ಬರೆದಿದ್ದೀನಂತೆ! ಹೊಗಳಿದ್ದಂತೂ ಆಯ್ತು. ಮಿಕ್ಸಿ ಎಲ್ಲಿ ಬೀಗರೇ?"

"ನಮಗೂ!" ಎಂದಿತು ಬಸ್ಸು.

ಸಾವ್ಕಾರ್ರು ಬೆವೆತು, ಅವಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ಬೀಗರಿಗೆ ಈ ಮಾಲು ಹೇಗಮ್ಮಾ ಕೊಡೋದು? ಮಾನ ಹೋಗುತ್ತೆ. ಒಂದು ಒಳ್ಳೇ ಮಿಕ್ಸಿ ತಂದುಕೊಡು."

"ಆಗಲಿ ಸಾವ್ಕಾರ್ರೇ," ಎಂದು ಅವಳು ಚಪ್ಪಲಿ ಮೆಟ್ಟಿ ಎದುರಿನ ಅಂಗಡಿಗೆ ಹೊರಟಳು. ಬಾಗಿಲಲ್ಲಿ ನಿಂತು ಕೇಳಿದಳು: "ನೂರಾ ನಾಲ್ಕೂ ಅಲ್ಲಿಂದಲೇ ತರಲಾ?"